ಮಣೆಯ ಮೇಲೆ ಕೂತ ಮಗಳು

ಗೋವಾದಲ್ಲಿ ಇನ್ನೂ ಪೋರ್ಚುಗೀಸರಿದ್ದ ಕಾಲ. ಅಲ್ಲಿಂದ ಪರವಾನಗಿಯಿಲ್ಲದೆ ಗಡಿ ದಾಟಿ ಬಂದ ಬಸುರಿಯೊಬ್ಬಳು ಆನವಟ್ಟಿಯ ನಮ್ಮ ಹಿತ್ತಿಲ ಕೋಣೆಯಲ್ಲಿದ್ದಳು. ಸಿಕ್ಕಿಬಿದ್ದರೆ ವಾಪಸು ಅಟ್ಟುತ್ತಾರೆಂದು ಬಾವಿಕಟ್ಟೆಗೂ ಬರುತ್ತಿರಲಿಲ್ಲ.

ಒಂದು ಶುಕ್ರವಾರ ಪೊಲೀಸ್ ಪೇದೆ ಬಾಗಿಲಿಗೆ ಬಂದ. "ಹೊರಗಿನೋರು ಯಾರಾದ್ರೂ ಇದಾರೇನ್ರೀ ಅಮ್ಮಾ?"

ದೇವರ ದೀಪ ಉರಿಯುತ್ತಿತ್ತು. ಸುಳ್ಳಿಗೆ ನನ್ನ ನಾಲಗೆ ಹೊರಳಲಿಲ್ಲ. ಆಕೆಯನ್ನು ಕರೆದು ಮಣೆಯ ಮೇಲೆ ಕೂರಿಸಿ, ಅವನೆದುರೇ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬಿದೆ. "ಇನ್ನು ಇವಳು ನಮ್ಮನೆ ಮಗಳು. ಹೊರಗಿನೋಳು ಹೆಂಗಾಗ್ತಾಳ್ರೀ?"

ಅವನಿಗೆ ನಗು ಬಂತು. "ಮಡಿಲು ತುಂಬಿದ ಬಸುರೀನ ಎಬ್ಬಿಸ್ಕೊಂಡು ಹೋದ್ರೆ ನನ್ ಹೆಂಡ್ತಿ ಊಟ ಹಾಕ್ತಾಳೇನ್ರೀ? ಬಾಣಂತನ ಚೆಂದಾಗ್ ಮಾಡ್ರೀ" ಎಂದು ಹೊರಟ.

ದೇವರು ದೊಡ್ಡವನು, ನನ್ನಿಂದ ಸುಳ್ಳನ್ನೂ ಆಡಿಸಲಿಲ್ಲ, ಅವಳನ್ನೂ ಕಳಿಸಲಿಲ್ಲ. ಹೆಣ್ಣುಮಗು ಹುಟ್ಟಿದಾಗ ಆ ಪೇದೆಯ ಹೆಂಡತಿಯೇ ಕುಲಾವಿ ಹೊಲಿದು ಕಳಿಸಿದಳು.