ಮೇಷ್ಟ್ರಿಗೆಂದು ಒಯ್ದ ವೀಳ್ಯದೆಲೆ

ನಿನ್ನೆ ನನ್ನ ಮೊಮ್ಮಗಳು ಹೈಸ್ಕೂಲು ಪಾಸಾದಳು! ಬೀದಿಯವರಿಗೆಲ್ಲ ಬೆಲ್ಲ ಹಂಚಿ ಬಂದಿದ್ದೇನೆ, ಕೈ ಇನ್ನೂ ಅಂಟಂಟು. ಅವಳ ಮಾರ್ಕ್ಸ್ ಕಾರ್ಡು ಹಿಡಿದು ಕುಣಿದೇ ಬಿಟ್ಟೆ. ಆ ಖುಷಿಯಲ್ಲೇ ನನ್ನ ಸ್ಕೂಲು ಮುಗಿದ ಎರಡು ದಿನ ನೆನಪಿಗೆ ಬಂತು.

ಎರಡನೇ ಮಹಾಯುದ್ಧದ ಕಾಲ, ಬೆಂಕಿಪೊಟ್ಟಣಕ್ಕೂ ಬರ. ಮದ್ದೂರಿನ ನಮ್ಮ ಸ್ಕೌಟ್ ಮೇಷ್ಟ್ರು ಬೇಸಿಗೆ ರಜದಲ್ಲಿ ಒಂದು ಪರೀಕ್ಷೆ ಇಟ್ಟರು. ಶನಿವಾರ, ಭಾನುವಾರ ಶಿಂಷಾ ಹೊಳೆಯ ದಡದಲ್ಲಿದ್ದು, ಬೆಂಕಿಪೊಟ್ಟಣವಿಲ್ಲದೆ ಬೆಂಕಿ ಮಾಡಿ ಮುದ್ದೆ ಬೇಯಿಸಬೇಕು. ಗೆದ್ದ ಗುಂಪಿಗೆ ಮೈಸೂರಿನ ಕ್ಯಾಂಪು.

ಅಪ್ಪ ಆ ಬೇಸಿಗೆಗೇ ನನ್ನನ್ನು ಸ್ಕೂಲು ಬಿಡಿಸುವವನಿದ್ದ. "ಮೈಸೂರ್ಗೆ ಆರ್ಸುದ್ರೆ ಇನ್ನೊಂದು ವರ್ಸ ಓದ್ಕೊ. ಇಲ್ದಿದ್ರೆ ನೇಗ್ಲು ಇಡ್ಕೊ" ಅಂದಿದ್ದ.

ನಾವು ಮೂವರು. ಗಾಡಿ ಚಕ್ರಕ್ಕೆ ಪಟ್ಟಿ ಹಾಕುವ ಸಾಹೇಬರ ಮಗ ಉಕ್ಕಿನ ತುಂಡು ತಂದ. ಯಲಿಯೂರಿನವನು ಮಡಕೆ, ರಾಗಿಹಿಟ್ಟು ತಂದ. ನಾನು ತಾತನ ಸಂಚಿ ತಂದೆ. ಅದರೊಳಗೆ ಚಕಮಕಿ ಕಲ್ಲು, ಬೂದಿ ತಿಕ್ಕಿದ ಬೂರುಗದ ಹತ್ತಿ. ಕಿಡಿ ಹಿಡಿಯಬೇಕಾದದ್ದು ಆ ಹತ್ತಿಯೇ.

ಕಲ್ಲಿಗೆ ಉಕ್ಕು ಹೊಡೆದರೆ ಕಿಡಿಯೇನೋ ಚಟಪಟ ಹಾರಿತು. ಹತ್ತಿ ಮಾತ್ರ ಹಿಡಿಯಲೊಲ್ಲದು. ಸಾಹೇಬರ ಮಗ ಸಂಚಿಗೆ ಕೈ ಹಾಕಿ ಒಂದು ಒದ್ದೆ ಗಂಟು ಎಳೆದ.

"ಇದೇನ್ಲಾ?"

"ಮೇಷ್ಟ್ರಿಗೆ ಎಲೆ ಕಣ್ಲಾ. ಬಾಡ್‌ಬಾರ್ದು ಅಂತ ಒದ್ದೆ ಬಟ್ಟೇಲಿ ಸುತ್ತಿದ್ದೆ."

"ಲೇ, ಅತ್ತಿ ಜೊತೆಗಾ? ನಿನ್ ಮರ್ವಾದೆಗೆ ಬೆಂಕಿ ಬೀಳ!" ಎಂದ ಯಲಿಯೂರಿನವನು.

"ಬೆಂಕಿ ಬಿದ್ದಿದ್ರೆ ಮುದ್ದೆನಾದ್ರೂ ಬೇಯ್ತಿತ್ತು ಬುಡ್ಲಾ" ಎಂದ ಸಾಹೇಬರ ಮಗ.

ಬರಿಗೈಲಿ ಮೇಷ್ಟ್ರ ಮುಂದೆ ನಿಲ್ಲುವುದು ಹೇಗೆ? ಎಲೆ ಅಡಿಕೆ ಕೊಟ್ಟರೆ ಅಪ್ಪನಿಗೆ ಒಂದು ಮಾತು ಹೇಳಿಯಾರು ಎಂಬ ಆಸೆ ನನಗೆ. ಹತ್ತಿಯನ್ನು ಬಂಡೆಯ ಮೇಲೆ ಒಣಗಿಸಿದೆವು. ಬೂದಿ ನೆನೆದು ಮೆತ್ತಿಕೊಂಡಿತ್ತು, ಒಣಗಿದಾಗ ಹತ್ತಿ ಹೆಂಟೆಯಾಯಿತು. ತೆಂಗಿನ ನಾರು, ಒಣ ಸಗಣಿ, ಏನಿಟ್ಟರೂ ಕಿಡಿ ಬಿದ್ದಲ್ಲೇ ಸತ್ತಿತು. ಬೆರಳ ಗೆಣ್ಣೆಲ್ಲ ಕಿತ್ತು ರಕ್ತ. ಎರಡು ದಿನ ಹಸಿ ಹಿಟ್ಟು ನೀರಿಗೆ ಕಲಸಿ ನುಂಗಿದೆವು. ಇದು ಹತ್ತುವುದಿಲ್ಲ ಎಂದು ಶನಿವಾರ ಸಂಜೆಗೇ ನನಗೆ ಗೊತ್ತಾಗಿತ್ತು. ಭಾನುವಾರವೂ ಸುಮ್ಮನೆ ಹೊಡೆಯುತ್ತಲೇ ಇದ್ದೆ.

ಮಧ್ಯಾಹ್ನ ಮೇಷ್ಟ್ರು ಬಂದರು. ಎಲೆ ಕೊಟ್ಟೆ. ಈಗ ಕಿತ್ತಂತೆ ಹಸಿರಾಗಿತ್ತು.

"ಎಲೆ ಸೊಗಸಾಗದೆ ಕಣಯ್ಯ" ಎಂದು ಬಾಯಿಗೆ ಹಾಕಿಕೊಂಡು ನಮ್ಮ ಮಡಕೆ ಮುಟ್ಟಿ ನೋಡಿದರು. ಆಮೇಲೆ ಹೊಗೆ ಕಾಣುತ್ತಿದ್ದ ಇನ್ನೊಂದು ಗುಂಪಿನತ್ತ ನಡೆದರು.

ಮನೆಯಲ್ಲಿ ಅಪ್ಪ ನನ್ನ ಕೈ ನೋಡಿದ. "ಬೆಂಕಿ ಅತ್ಲಿಲ್ವಾ?"

"ಇಲ್ಲ ಕಣಪ್ಪ."

"ಉಂ. ಗಾಯ ಮಾಯ್ಲಿ, ಆಮೇಲೆ ನೇಗ್ಲು ಇಡಿಯೋವಂತೆ."

ರಜ ಮುಗಿದು ಗೆಳೆಯರಿಬ್ಬರೂ ಸ್ಕೂಲಿಗೆ ಹೋದರು. ನಾನು ಉಳುತ್ತಿದ್ದ ಹೊಲಕ್ಕೆ ಸ್ಕೂಲಿನ ಗಂಟೆ ಕೇಳಿಸುತ್ತಿತ್ತು. ಕೇಳಿದಾಗಲೆಲ್ಲ ಎತ್ತು ನಿಲ್ಲಿಸುತ್ತಿದ್ದೆ. ಅಪ್ಪ ಬೈದ ಮೇಲೆ ಮತ್ತೆ ಹೊಡೆಯುತ್ತಿದ್ದೆ.