ಕಟ್ಟೆ ಯಾವ ಕಡೆ ಬಂತು

ಅಧ್ಯಕ್ಷಮ್ಮನವರ ಬಲಗಿವಿಯ ಹಾಲೆ ಎರಡಾಗಿ ಹರಿದಿತ್ತು. ಯಾವಾಗಲೋ ಓಲೆಗೆ ಟಗರಿನ ಕೊಂಬು ಸಿಕ್ಕಿಕೊಂಡಿತ್ತಂತೆ. "ಅಧ್ಯಕ್ಷಮ್ಮಂಗೆ ಒಂದೂವರೆ ಕಿವಿ, ನಮ್ಮ ಮಾತು ಅರ್ಧ ಕೇಳ್ಸಲ್ಲ" ಎಂದು ಪಂಚಾಯಿತಿ ಸದಸ್ಯರು ಅವರೆದುರೇ ನಗುತ್ತಿದ್ದರು. "ಅರ್ಧ ಕಿವಿಗೇ ಇಷ್ಟು ಸುಳ್ಳು ಬೀಳ್ತೈತೆ ಕಣ್ರಲೇ, ಇಡೀ ಕಿವಿ ಇದ್ದಿದ್ರೆ ಸತ್ತೇ ಹೋಗ್ತಿದ್ದೆ" ಎನ್ನುತ್ತಿದ್ದರು ಅವರು.

ತಳಕು ಸೀಮೆಯ ನಮ್ಮೂರಿಗೆ ಮಹಿಳಾ ಮೀಸಲಾತಿ ಬಂದಾಗ ಅಧ್ಯಕ್ಷರಾದವರು. ಕುರಿ ಸಾಕುವ ಮನೆ, ಓದುಬರಹವಿಲ್ಲ. ಯಾವ ಕಾಗದವನ್ನಾದರೂ ಎರಡು ಸಲ ಓದಿಸುತ್ತಿದ್ದರು: ಒಮ್ಮೆ ತಂದವರಿಂದ, ಇನ್ನೊಮ್ಮೆ ಊರಿನವರಿಂದ. ಆಮೇಲೆಯೇ ಹೆಬ್ಬೆಟ್ಟು. ಭೂಗೋಳದಲ್ಲಿ ಎಂ.ಎ. ಮುಗಿಸಿ ಚಳ್ಳಕೆರೆಯ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಹಂಗಾಮಿ ಕೆಲಸಕ್ಕೆ ಸೇರಿದ್ದ ನಾನು ಅವರಿಗೆ ಎರಡನೆಯ ಸಲ ಓದುವವಳಾದೆ. "ನಿಧಾನಕ್ಕೆ ಓದವ್ವ, ಅರ್ಧ ನುಂಗಬ್ಯಾಡ" ಎನ್ನುತ್ತಿದ್ದರು.

ಸರ್ಕಾರ ನಮ್ಮ ಗೋಮಾಳವನ್ನು ಕೈಗಾರಿಕೆಗೆಂದು ಗುರುತಿಸಿತು. ಅದು ಮೇವಿನ ಜಾಗವಾಗಿಯೇ ಉಳಿಯಬೇಕೆಂದು ಪಂಚಾಯಿತಿ ಠರಾವು ಮಾಡಿತು. ಠರಾವು ಹೋಗುವುದು, ಆದೇಶ ಬರುವುದು, ಎರಡು ವರ್ಷ ಇದೇ ಆಯಿತು. ಕೊನೆಗೆ ರಾಜಿ ಮಾಡಿಸಲು ಮೇಲಿನಿಂದ ಅಧಿಕಾರಿಯೊಬ್ಬರು ಬಂದರು. ಅರ್ಧ ಸರ್ಕಾರಕ್ಕೆ, ಅರ್ಧ ಊರಿಗೆ. ಅವರು ಬೆರಳಿಟ್ಟು ತೋರಿಸಿದ ಕಡೆ ನಕ್ಷೆಯ ಮೇಲೆ ಕೆಂಪು ಗೆರೆ ಎಳೆದವಳು ನಾನು.

ಅಧ್ಯಕ್ಷಮ್ಮ ನಕ್ಷೆಯನ್ನು ನೋಡಲೂ ಇಲ್ಲ. "ಕುರಿ ನೀರು ಕುಡಿಯೋ ಕಟ್ಟೆ ಯಾವ ಕಡೆ ಬಂತ್ರೀ?" ಎಂದರು.

"ನಿಮ್ಮ ಕಡೆಗೇ ಇದೆಯಮ್ಮ" ಎಂದರು ಅಧಿಕಾರಿ, ಒಪ್ಪಂದವನ್ನು ಓದಿ ಮುಗಿಸುತ್ತ.

ಅಧ್ಯಕ್ಷಮ್ಮ ನನ್ನತ್ತ ತಿರುಗಿದರು. "ನೀನು ಓದವ್ವ."

ಒಂದಕ್ಷರ ಬಿಡದೆ ಓದಿದೆ. ಅದರಲ್ಲಿ ಸರ್ವೆ ನಂಬರುಗಳಿದ್ದವು, ದಿಕ್ಕುಗಳಿದ್ದವು. ಕಟ್ಟೆ ಎಂಬ ಮಾತೇ ಇರಲಿಲ್ಲ. ಅದು ಗೆರೆಯಾಚೆ ಸರ್ಕಾರದ ಪಾಲಿಗೆ ಹೋಗಿದೆಯೆಂದು ನನಗೆ ಗೊತ್ತಿತ್ತು. ನನ್ನ ಕೆಲಸ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕಾದವರೂ ಅದೇ ಅಧಿಕಾರಿ.

"ಅವ್ರು ಹೇಳಿದಂಗೇ ಐತೇನವ್ವ?"

"ಹಾಗೇ ಇದೆ" ಎಂದೆ. ಅವರು ಹೆಬ್ಬೆಟ್ಟು ಒತ್ತಿದರು.

ತಿಂಗಳೊಳಗೆ ತಂತಿಬೇಲಿ ಬಂತು. ಕುರಿಗಳು ಬೇಲಿಗೆ ಮೂತಿಯಿಟ್ಟು ನೀರನ್ನು ನೋಡುತ್ತ ಅರಚಿದವು. ಪಕ್ಕದೂರಿನ ಕೆರೆಗೆ ಹೊಡೆದುಕೊಂಡು ಹೋದರೆ ಅಲ್ಲಿಯವರು ಕಲ್ಲು ಬೀರಿದರು. ಅಧ್ಯಕ್ಷಮ್ಮ ಬೀದಿಯಲ್ಲಿ ನಡೆದರೆ ಹೆಂಗಸರೂ ಬಿಡಲಿಲ್ಲ: "ಹೆಬ್ಬೆಟ್ಟಿಗೆ ಸೈಟು ಎಲ್ಲಿ ಕೊಟ್ರೇ, ಚಳ್ಳಕೆರೆನಾಗಾ?" ಮಗ ಇಡೀ ಹಿಂಡನ್ನು ಸಂತೆಗೆ ಹೊಡೆದು ಮಾರಿಬಂದ, ತಾಯಿಯೊಡನೆ ಮಾತು ಬಿಟ್ಟ.

ಅವಿಶ್ವಾಸದ ಸಭೆಗೆ ನಾನು ನಕ್ಷೆ ಹಿಡಿದು ಹೋಗಬೇಕಾಯಿತು. "ಈ ಹುಡುಗಿ ಅವತ್ತು ಏನು ಓದಿದ್ಲು, ಬಾಯಿ ಬಿಡು" ಎಂದು ಸದಸ್ಯನೊಬ್ಬ ಅವರ ಮೇಲೆ ಕೂಗಾಡಿದ.

"ಹುಡುಗಿ ಸರಿಯಾಗೇ ಓದಿದ್ಲು. ನಂಗೇ ತಿಳೀಲಿಲ್ಲ" ಎಂದರು ಅವರು. ಎದ್ದ ಕೈಗಳನ್ನು ಎಣಿಸಿ ಅವರನ್ನು ಕುರ್ಚಿಯಿಂದ ಇಳಿಸಿದರು. ಅವರ ಪರವಾಗಿ ಒಂದು ಕೈಯೂ ಏಳಲಿಲ್ಲ.

ಹೊರಗೆ ಬಾಗಿಲಲ್ಲಿ ನನ್ನ ಪಕ್ಕ ನಿಂತರು. "ನೌಕ್ರಿ ಉಳೀತೇನವ್ವ?"

ಹೌದೆಂದು ತಲೆಯಾಡಿಸಿದೆ.

"ಉಳೀಲಿ. ಅದೊಂದಾದ್ರೂ ಉಳೀಲಿ."

ಅವರು ತೀರಿಕೊಂಡ ಸುದ್ದಿ ಕಚೇರಿಗೆ ಫೋನಿನಲ್ಲಿ ಬಂದಾಗ ನನ್ನ ಕೆಲಸ ಕಾಯಂ ಆಗಿತ್ತು. ರಜೆಯ ಅರ್ಜಿ ಬರೆಯಲು ಕೂತೆ. ಸತ್ತವರು ನಮಗೆ ಏನಾಗಬೇಕೆಂದು ಅದರಲ್ಲಿ ಬರೆಯಬೇಕು. ಆ ಜಾಗಕ್ಕೆ ಬಂದು ಪೆನ್ನು ನಿಂತಿತು.

ಮಣ್ಣಿಗೆ ಹೋಗಲಿಲ್ಲ.