ನಾಳೆ ಎಬ್ಬಿಸಬೇಡಿ

ಉನ್‌ಬಿಗೆ ದುಃಖವಿತ್ತೇ ಎಂದು ಯಾರಾದರೂ ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದಳು. ದುಃಖಪಡಲಿಕ್ಕೂ ಒಂದಿಷ್ಟು ಕಸುವು ಬೇಕು. ಕೊರಿಯಾದ ಚೊಂಗ್ಜು ಊರಿನ ಫ್ರಿಜ್ ಕಂಪನಿಯೊಂದರ ದೂರು ವಿಭಾಗದಲ್ಲಿ ಅವಳ ಕೆಲಸ. ಬೈಯಲೆಂದೇ ಫೋನು ಮಾಡಿದವರಿಗೂ "ನಲ್ಮೆಯ ಗ್ರಾಹಕರೇ, ನಿಮ್ಮನ್ನು ಪ್ರೀತಿಸುತ್ತೇವೆ" ಎಂದೇ ಶುರುಮಾಡಬೇಕು. ವರ್ಷಗಟ್ಟಲೆ ಅದನ್ನೇ ಹೇಳಿ ಹೇಳಿ ಒಳಗೆಲ್ಲ ಜೋಮು ಹಿಡಿದಿತ್ತು. ಅನ್ನದ ಮುಂದೆ ಕೂತರೆ ಅದು ಬಿಸಿಯೋ ತಣ್ಣಗಿದೆಯೋ ಎಂಬುದೂ ತಿಳಿಯುತ್ತಿರಲಿಲ್ಲ.

ಬಾಯಲ್ಲಿ ಹೇಳಲಾಗದ್ದನ್ನು ಅವಳು ಹಾಡಾಗಿ ಬರೆಯುತ್ತಿದ್ದಳು, ಗಿಟಾರೂ ನುಡಿಸುತ್ತಿದ್ದಳು. ರಾಗ ಹಾಕಿ ಹಾಡುವವಳು ಚೆರಿನ್. ಹಿಂದೆ ಪಕ್ಕದ ಕುರ್ಚಿಯಲ್ಲೇ ಬೈಗುಳ ಕೇಳುತ್ತಿದ್ದವಳು, ಈಗ ಮಕ್ಕಳಿಗೆ ಪಿಯಾನೋ ಕಲಿಸುತ್ತಾಳೆ. ಅವಳ ಕೈಗೆ ಯಾವ ಮಾತು ಕೊಟ್ಟರೂ ಜೋಗುಳವಾಗಿಯೇ ಹೊರಗೆ ಬರುತ್ತಿತ್ತು.

"ಅಕ್ಕ, ಇದು ಸಾಯೋ ಮಾತು. ನೀನು ನೋಡಿದ್ರೆ ಬಲೂನು ಹಾರಿಸೋ ರಾಗ ಹಾಕಿದೀಯ."

"ಸಾಯೋ ಮಾತಿಗೆ ಸಾಯೋ ರಾಗ ಹಾಕಿದ್ರೆ ಯಾರು ಕೇಳ್ತಾರೆ ಕಣೇ? ನೀನೇ ಕೇಳಲ್ಲ."

ಹೀಗೆ ಜಗಳವಾಡುತ್ತಲೇ ಇಬ್ಬರೂ ತಮ್ಮ ಜೋಡಿಗೆ 'ಮಧ್ಯಾಹ್ನದ ನಿದ್ದೆ' ಎಂಬ ಹೆಸರಿಟ್ಟುಕೊಂಡು 'ಮನೇಲೆಲ್ಲ ಸೌಖ್ಯ' ಎಂಬ ಆಲ್ಬಮ್ ಹೊರತಂದರು. ಅಂಥ ಹೆಸರೇನೂ ಬರಲಿಲ್ಲ. ಕಾಫಿ ಅಂಗಡಿಗಳಲ್ಲಿ ಒಂಟಿಯಾಗಿ ಕೂರುವ ಕೆಲವರು ಹಚ್ಚಿಕೊಂಡರು, ಅಷ್ಟೇ.

ಅವರನ್ನು ಬಿಟ್ಟರೆ ಉನ್‌ಬಿಯ ಅಮ್ಮ. ಗಂಡ ತೀರಿಕೊಂಡ ಮೇಲೆ ಮಾರುಕಟ್ಟೆಯಲ್ಲಿ ಕಿಮ್ಚಿ ಉಪ್ಪಿನಕಾಯಿ, ಪಲ್ಯ ಮಾರಿ ಮಗಳನ್ನು ಸಾಕಿದವಳು ಅಂಗಡಿಯಲ್ಲಿ ದಿನವಿಡೀ ಆ ಆಲ್ಬಮನ್ನೇ ಹಾಕುತ್ತಿದ್ದಳು. ಚೆರಿನ್ ಅರ್ಧ ಮಾತು ನುಂಗಿ ಹಾಡುವವಳು, ಉಳಿದರ್ಧ ವಾದ್ಯದಲ್ಲಿ ಮುಳುಗಿಹೋಗುತ್ತಿತ್ತು. 'ನಾಳೆ ಎಬ್ಬಿಸಬೇಡಿ' ಎಂದರೆ ಭಾನುವಾರದ ಸೋಮಾರಿತನದ ಹಾಡೆಂದು ತಿಳಿದು ಅಮ್ಮ ಅದನ್ನು ಫೋನಿನ ಅಲಾರಂ ಮಾಡಿಕೊಂಡಿದ್ದಳು. ತಿಳಿದಿರುವುದು ಹಾಗೇ ಇರಲಿ, ಒಳಗಿನ ಮಾತು ಅಮ್ಮನಿಗೆಂದೂ ಕೇಳಿಸದಿರಲಿ ಎಂಬುದೊಂದೇ ಉನ್‌ಬಿಗೆ ಉಳಿದಿದ್ದ ಆಸೆ.

ಅಮ್ಮನಿಗೆ ಅರವತ್ತು ತುಂಬಿದ ದಿನ ಊಟ ಮುಗಿಸಿ, ಚಿಕ್ಕಮ್ಮ ಎಲ್ಲರನ್ನೂ ಕರೋಕೆ ಹಾಡಿನ ಕೋಣೆಗೆ ಎಳೆದುಕೊಂಡು ಹೋದಳು. ಚೆರಿನ್ ಕೂಡ ಬಂದಿದ್ದಳು. ಅಭಿಮಾನಿಗಳು ಬರೆದು ಕೇಳಿದ್ದರಿಂದ ಇವರಿಬ್ಬರ ಹಾಡೂ ಈಚೆಗೆ ಅಲ್ಲಿನ ಯಂತ್ರಕ್ಕೆ ಸೇರಿತ್ತು. ಅದನ್ನು ಅಮ್ಮನೇ ಹುಡುಕಿ ತೆಗೆದಳು.

"ನನ್ನ ಮಗಳ ಹಾಡು ನಾನೇ ಹಾಡ್ತೀನಿ. ಕೊಡ್ರೇ ಮೈಕು."

ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸಾಲುಗಳು ಬರುತ್ತವೆ ಎಂಬುದು ಉನ್‌ಬಿಗೆ ನೆನಪಾಗುವಷ್ಟರಲ್ಲಿ ರಾಗ ಶುರುವಾಗಿತ್ತು.

ನಾಳೆ ನನ್ನ ಎಬ್ಬಿಸಬೇಡಿ
ನಾಡಿದ್ದೂ ಬೇಡ
ನನ್ನ ಪಾಲಿನ ಅನ್ನ ಬೆಕ್ಕಿಗೆ ಹಾಕಿ
ನಾನಿಲ್ಲದ ಮನೆ ಹಗುರ

ತಾಳಕ್ಕೆ ಕಂಜೀರ ಬಡಿಯುತ್ತಿದ್ದ ಚಿಕ್ಕಮ್ಮ ಮೂರನೆಯ ಸಾಲಿಗೆ ಅದನ್ನು ತೊಡೆಯ ಮೇಲಿಟ್ಟಳು. ಅಮ್ಮ ನಿಲ್ಲಿಸಲಿಲ್ಲ. ಕನ್ನಡಕ ಮೇಲೆ ಸರಿಸಿಕೊಂಡು ಒಂದೊಂದೇ ಮಾತನ್ನು ಸ್ಪಷ್ಟವಾಗಿ ಹಾಡಿದಳು. ನಿಲ್ಲಿಸುವ ಗುಂಡಿ ಉನ್‌ಬಿಯ ಕೈಯಲ್ಲೇ ಇತ್ತು, ಬೆರಳು ಮಾತ್ರ ಅಲುಗಲಿಲ್ಲ. ಯಾರದೋ ಮನೆಯ ಕಿಟಕಿಯೊಳಗೆ ನೋಡುವವಳಂತೆ ನೋಡುತ್ತ ಕೂತಳು. ಹಾಡು ಮುಗಿದಾಗ ಯಂತ್ರ ತುತ್ತೂರಿ ಊದಿ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟಿತು.

"ಈ ಮಾತು ಬರ್ದಿದ್ದು ಯಾರು?" ಅಮ್ಮ ಕೇಳಿದಳು.

ವರ್ಷಗಟ್ಟಲೆ ಪಳಗಿದ ಬಾಯಿ ತಡವರಿಸಲಿಲ್ಲ. "ಚೆರಿನಕ್ಕ ಕಣಮ್ಮ. ಮಾತೆಲ್ಲ ಅವಳದೇ. ನಂದು ಬರೀ ಗಿಟಾರು."

ಚೆರಿನ್ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಹೌದಮ್ಮ, ನಾನೇ," ಎಂದಳು.

ಅಮ್ಮ ಮೈಕು ಕೆಳಗಿಟ್ಟು ಚೆರಿನಳ ಪಕ್ಕಕ್ಕೆ ಸರಿದು ಕೂತಳು. "ಕೈಯೆಲ್ಲ ತಣ್ಣಗಾಗಿದ್ಯಲ್ಲೇ ಕೂಸೇ. ನಾನೊಬ್ಬಳು ಇಲ್ಲೇ ಇರಲಿಲ್ವಾ? ಒಂದು ಮಾತು ಹೇಳ್ಬಾರದಾ?" ಎನ್ನುತ್ತ ಬೆನ್ನು ಸವರತೊಡಗಿದಳು. ಉನ್‌ಬಿ ಸೋಫಾದ ಇನ್ನೊಂದು ತುದಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ಆ ಕೈ ತನ್ನ ಬೆನ್ನಿಗೆ ಬರಬೇಕಾದದ್ದು ಎಂದು ಅವಳಿಗೆ ಗೊತ್ತಿತ್ತು. ಎದ್ದು ಹೋಗಿ ಕೇಳಲು ಕಾಲು ಬರಲಿಲ್ಲ.

ಮರುದಿನದಿಂದ ಅಮ್ಮ ಚೆರಿನಳಿಗೆಂದು ಡಬ್ಬಿ ಕಟ್ಟತೊಡಗಿದಳು. ಹೊತ್ತೊಯ್ಯುವವಳು ಉನ್‌ಬಿ. ಚೆರಿನ್ ಮುಟ್ಟಲೊಲ್ಲಳು.

"ನಿನ್ನ ಸುಳ್ಳು ನಾನು ಹೊತ್ಕೊಂಡೆ, ಸರಿ. ನಿಮ್ಮಮ್ಮನ ಪಲ್ಯ ನಾನು ತಿನ್ನಲ್ಲ. ಇದು ನಿಂದು. ಕೂತ್ಕೊಂಡು ತಿನ್ನು."

ಒಂದು ಸಂಜೆ ಹೀಗೆ ಗದರಿಸಿ ಅವಳು ಪಾಠ ಹೇಳಲು ಹೋದಳು. ಉನ್‌ಬಿ ಒಬ್ಬಳೇ ಚೆರಿನಳ ಕೋಣೆಯ ನೆಲದ ಮೇಲೆ ಕೂತು ತಿಂದಳು. ಬಾಯಿಗೆ ರುಚಿ ಹತ್ತಲಿಲ್ಲ, ಆದರೂ ತಿಂದಳು. ಅಷ್ಟರಲ್ಲಿ ಅಮ್ಮನ ಫೋನು.

"ತಿಂದಳಾ?"

"ತಿಂದಳು."

"ಪೂರ್ತಿನಾ?"

"ಹೂಂ."

ಆ ಕಡೆ ಪಾತ್ರೆ ತೊಳೆಯುತ್ತಿದ್ದ ನಲ್ಲಿಯ ಸದ್ದು ನಿಂತಿತು. "ಅವಳಿಗೊಂದು ಮಾತು ಹೇಳು. ಅವತ್ತು ನಡುವೆ ನಿಲ್ಲಿಸಿದ್ರೆ ಬರ್ದೋಳಿಗೆ ನಾಚಿಕೆ ಆಗುತ್ತೆ ಅಂತ ಹೆಂಗೋ ಹಾಡಿ ಮುಗಿಸ್ದೆ. ಇನ್ನೊಂದು ಸಲ ಹಾಡೋಕೆ ನನ್ನ ಕೈಲಾಗಲ್ಲ. ನೀನಿಲ್ಲದ ಮನೆ ಹಗುರ ಅಲ್ಲ ಅಂತ ಹೇಳು."

"ಹೇಳ್ತೀನಮ್ಮ."

"ಈಗ್ಲೇ ಹೇಳು. ನಾನು ಫೋನ್ ಇಡಲ್ಲ."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಉನ್‌ಬಿ ಗೋಡೆಯ ಕಡೆ ತಿರುಗಿ, "ನೀನಿಲ್ಲದ ಮನೆ ಹಗುರ ಅಲ್ವಂತೆ," ಎಂದಳು. ದನಿ ಕೊನೆಯಲ್ಲಿ ಒಡೆಯಿತು.

"ಕೇಳಿಸ್ತಾ ಅವಳಿಗೆ?"

"ಕೇಳಿಸ್ತಮ್ಮ."